ಪ್ರಶ್ನೆಯೇ ಕಸುಬು: ಜಾನ್ ಕೇಜ್ ಜೊತೆ ರೇಡಿಯೋದ ಉದ್ದನೆಯ ಮಾತುಕತೆ

1966ರ ಬೇಸಿಗೆ. ನ್ಯೂಯಾರ್ಕಿನ ಡಬ್ಲ್ಯುಬಿಎಐ ಎಂಬ ರೇಡಿಯೋ ಸ್ಟೇಷನ್ನಿನಲ್ಲಿ ಇಬ್ಬರು ಸಂಗೀತಗಾರರು ಮೈಕಿನ ಮುಂದೆ ಕೂತು ಹರಟುತ್ತಿದ್ದಾರೆ. ಒಬ್ಬರು ಅಮೆರಿಕದ ಸಂಗೀತ ರಚನೆಕಾರ ಜಾನ್ ಕೇಜ್, ಇನ್ನೊಬ್ಬರು ಅವರ ಗೆಳೆಯ ಮಾರ್ಟನ್ ಫೆಲ್ಡ್‌ಮನ್. ಫೆಲ್ಡ್‌ಮನ್‌ಗೆ ಒಂದು ಸಿಟ್ಟಿದೆ. ಅವರು ಸಮುದ್ರ ತೀರಕ್ಕೆ ಹೋಗಿದ್ದರು. ಅಲ್ಲಿ ಎಲ್ಲಿ ನೋಡಿದರೂ ಟ್ರಾನ್ಸಿಸ್ಟರ್, ಎಲ್ಲದರಲ್ಲೂ ಜೋರು ಜೋರಾಗಿ ರಾಕ್ ಅಂಡ್ ರೋಲ್. ನೆಮ್ಮದಿಯಾಗಿ ಕೂರುವುದಕ್ಕೂ ಆಗಲಿಲ್ಲ ಅನ್ನುವುದು ಅವರ ಕೊರಗು.

ಕೇಜ್ ತಣ್ಣಗೆ ಹೇಳುತ್ತಾರೆ: ಸುತ್ತಮುತ್ತ ರೇಡಿಯೋ ಕೂಗುವುದು ನನಗೂ ತೊಂದರೆಯಾಗಿತ್ತು. ಅದಕ್ಕೆ ಹೇಗೆ ಹೊಂದಿಕೊಂಡೆ ಗೊತ್ತಾ? ರೇಡಿಯೋಗಳನ್ನೇ ಬಳಸಿ ಒಂದು ಕೃತಿ ಬರೆದೆ. ಈಗ ಎಲ್ಲಿ ರೇಡಿಯೋ ಕೇಳಿಸಿದರೂ, ಓ, ನನ್ನ ಕೃತಿಯನ್ನೇ ನುಡಿಸುತ್ತಿದ್ದಾರೆ ಅಂದುಕೊಳ್ಳುತ್ತೇನೆ.

ಈ ನಾಲ್ಕು ಮಾತಿನಲ್ಲಿ ಇಡೀ ಕೇಜ್ ಇದ್ದಾರೆ. ಆದರೆ ಇಷ್ಟನ್ನೇ ಕಿತ್ತು ಓದಿದರೆ ಬರೀ ಚಮತ್ಕಾರದ ಮಾತು ಅನ್ನಿಸುತ್ತದೆ. ಟೇಪಿನಲ್ಲಿ ಕೇಳಿದಾಗ ಹಾಗನ್ನಿಸುವುದಿಲ್ಲ. ಅಲ್ಲಿ ಮಾತಿನ ಮಧ್ಯೆ ದೀರ್ಘ ಮೌನವಿದೆ, ನಗುವಿದೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪದೆ ತಿರುಗಿಸಿ ಕೇಳುವುದಿದೆ. ಜುಲೈ 1966ರಿಂದ ಜನವರಿ 1967ರವರೆಗೆ ಇವರಿಬ್ಬರು ಇಂಥ ಐದು ಮಾತುಕತೆ ರೆಕಾರ್ಡ್ ಮಾಡಿದರು. ಯಾರಿಗೂ ಅವಸರವಿರಲಿಲ್ಲ.

ಈ ಲೇಖನದಲ್ಲಿ ನಾನು ಬಿಡಿಸಿ ಹೇಳಬೇಕೆಂದಿರುವುದು ಇದನ್ನೇ. ಕೇಜ್‌ರಂಥವರ ಕಲೆ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಹೋಗುವ ದಾರಿಗಳಲ್ಲಿ ನನಗೆ ಗೊತ್ತಿರುವ ಅತಿ ಸಲೀಸು ದಾರಿ ರೇಡಿಯೋದ ಉದ್ದನೆಯ ಮಾತುಕತೆ. ವಿಮರ್ಶೆಯ ಪುಸ್ತಕಕ್ಕಿಂತ, ಸಂಗೀತ ಕಛೇರಿಗಿಂತ ಕೂಡ. ಯಾಕೆ ಅಂತ ನೋಡೋಣ.

ಮೊದಲು ಆ ರೇಡಿಯೋ ಕೃತಿಯ ವಿಷಯ. ಅದನ್ನು ಬರೆದದ್ದು 1951ರಲ್ಲಿ. ವೇದಿಕೆಯ ಮೇಲೆ 12 ರೇಡಿಯೋ ಸೆಟ್ಟುಗಳು, ಒಂದೊಂದಕ್ಕೆ ಇಬ್ಬರಂತೆ 24 ಜನ. ಒಬ್ಬರು ಸ್ಟೇಷನ್ ತಿರುಗಿಸುವ ಗುಂಡಿ ಹಿಡಿಯುತ್ತಾರೆ, ಇನ್ನೊಬ್ಬರು ವಾಲ್ಯೂಮ್ ನೋಡಿಕೊಳ್ಳುತ್ತಾರೆ. ಯಾವಾಗ ಯಾವ ನಂಬರಿಗೆ ತಿರುಗಿಸಬೇಕು, ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಜೋರು, ಎಲ್ಲವೂ ಸ್ವರಲಿಪಿಯಲ್ಲಿ ಕರಾರುವಾಕ್ಕಾಗಿ ಬರೆದಿದೆ. ಮುಂದೆ ಒಬ್ಬ ನಿರ್ದೇಶಕ ನಿಂತು ತಾಳ ಕೊಡುತ್ತಾನೆ. ಬರೆಯದೇ ಇರುವುದು ಒಂದೇ: ಆ ನಂಬರಿನಲ್ಲಿ ಆ ಕ್ಷಣ ಏನು ಬರುತ್ತಿರುತ್ತದೆ ಅನ್ನುವುದು. ಸುದ್ದಿಯೋ, ಜಾಹೀರಾತೋ, ಹಾಡೋ, ಬರೀ ಗೊರಗೊರ ಸದ್ದೋ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಪ್ರದರ್ಶನ ನಡೆದಾಗ ರಾತ್ರಿ ತಡವಾಗಿತ್ತು, ಎಷ್ಟೋ ಸ್ಟೇಷನ್ನುಗಳು ಅಂದಿನ ಪ್ರಸಾರ ಮುಗಿಸಿಬಿಟ್ಟಿದ್ದವು. ಹಾಗಾಗಿ ಕೇಳಿಸಿದ್ದು ಜಾಸ್ತಿ ಮೌನ, ಮಧ್ಯೆ ಮಧ್ಯೆ ಒಂದಿಷ್ಟು ತುಣುಕು ಸದ್ದು. ಗೆಳೆಯರಿಗೆ ಬೇಜಾರಾಯಿತು. ಕೇಜ್‌ಗೆ ಅದು ಸೋಲು ಅನ್ನಿಸಲಿಲ್ಲ.

ಇಂಥ ಕಲೆಗೆ ಅವಾಂಗಾರ್ಡ್ ಅಂತ ಹೆಸರು. ಫ್ರೆಂಚ್ ಸೈನ್ಯದಿಂದ ಬಂದ ಪದ ಅದು. ದಂಡಿಗಿಂತ ಮುಂಚೆ ಹೋಗಿ ದಾರಿ ನೋಡಿಕೊಂಡು ಬರುವ ಚಿಕ್ಕ ತುಕಡಿ ಅಂತ ಅರ್ಥ. ದಾರಿ ನೋಡುವವರು ಮುಂದೆ ಇರುವುದರಿಂದ ಹಿಂದಿನವರಿಗೆ ಕಾಣಿಸುವುದಿಲ್ಲ. ಅವರು ಏನು ನೋಡಿದರು ಅಂತ ಅವರ ಬಾಯಿಂದಲೇ ಕೇಳಬೇಕು. ಕೇಳುವುದಕ್ಕೆ ಯಾರಾದರೂ ಬೇಕು, ಅಲ್ವಾ? ಅಲ್ಲಿಗೆ ಬರುತ್ತಾರೆ ರೇಡಿಯೋದವರು.

ಕೇಜ್‌ಗೂ ರೇಡಿಯೋಗೂ ನಂಟು ಹಳೆಯದು. ಅವರು ಹುಟ್ಟಿದ್ದು 1912ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ತಂದೆ ಹೊಸ ಹೊಸ ಯಂತ್ರ ಕಂಡುಹಿಡಿಯುವ ಕೆಲಸದವರು. ಇನ್ನೂ ಶಾಲಾ ಹುಡುಗನಾಗಿದ್ದಾಗಲೇ ಕೇಜ್ ಅಲ್ಲಿನ ರೇಡಿಯೋದಲ್ಲಿ ಬಾಯ್ ಸ್ಕೌಟ್ ಹುಡುಗರ ಕಾರ್ಯಕ್ರಮ ನಡೆಸುತ್ತಿದ್ದರು. 1942ರಲ್ಲಿ ಸಿಬಿಎಸ್ ರೇಡಿಯೋ ಒಂದು ನಾಟಕಕ್ಕೆ ಸಂಗೀತ ಬರೆಯಲು ಕೇಳಿತು. ಊರಿನ ಸದ್ದುಗಳನ್ನೇ ಎಲೆಕ್ಟ್ರಾನಿಕ್ ಉಪಾಯದಿಂದ ಸಂಗೀತ ಮಾಡಬಹುದು ಅಂತ ಅವರು ಸುಮಾರು 250 ಪುಟ ಬರೆದುಕೊಂಡು ಹೋದರು. ಇದು ಆಗುವ ಕೆಲಸವಲ್ಲ, ಖರ್ಚೂ ವಿಪರೀತ ಅಂತ ಸ್ಟೇಷನ್ನಿನವರು ಹೇಳಿದರು. ಪ್ರಸಾರಕ್ಕೆ ಕೆಲವೇ ದಿನ ಉಳಿದಿತ್ತು. ನಿದ್ದೆಗೆಟ್ಟು ತಾಳವಾದ್ಯಗಳಿಗೆ ಪೂರ್ತಿ ಹೊಸದಾಗಿ ಬರೆದುಕೊಟ್ಟರು. ರೇಡಿಯೋ ಅಂದರೆ ಅವರಿಗೆ ಪ್ರಚಾರದ ಜಾಗ ಆಗಿರಲಿಲ್ಲ. ಅದು ಅವರ ಕೆಲಸದ ಸಾಮಾನು, ಬಡಗಿಗೆ ಉಳಿ ಇದ್ದ ಹಾಗೆ.

ಈಗ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬರುವ ಮೂರು ಗಂಟುಗಳನ್ನು ಬಿಚ್ಚೋಣ. ಮೌನ, ಆಕಸ್ಮಿಕ, ಅನಿಶ್ಚಿತತೆ. ಹೊಸಬರು ಮೂರನ್ನೂ ಒಂದಕ್ಕೊಂದು ಬೆರೆಸಿಬಿಡುತ್ತಾರೆ.

ಮೌನದ ಕಥೆ ಗೊತ್ತಿರುವವರು ಇದ್ದೀರಿ. 1952ರ ಆಗಸ್ಟ್ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಪಿಯಾನೋ ವಾದಕ ಡೇವಿಡ್ ಟ್ಯೂಡರ್ ವೇದಿಕೆಗೆ ಬಂದು ಕೂತರು. ಕೀಲಿಗಳ ಮೇಲಿನ ಮುಚ್ಚಳ ಮುಚ್ಚಿದರು. 30 ಸೆಕೆಂಡ್ ಆದ ಮೇಲೆ ತೆರೆದರು. ಮತ್ತೆ ಮುಚ್ಚಿದರು, 2 ನಿಮಿಷ 23 ಸೆಕೆಂಡ್. ತೆರೆದರು. ಮತ್ತೊಮ್ಮೆ ಮುಚ್ಚಿದರು, 1 ನಿಮಿಷ 40 ಸೆಕೆಂಡ್. ಒಟ್ಟು 4 ನಿಮಿಷ 33 ಸೆಕೆಂಡ್. ಒಂದು ಕೀಲಿಯನ್ನೂ ಒತ್ತಲಿಲ್ಲ. ಆ ಸಭಾಂಗಣದ ಹಿಂಬದಿ ಕಾಡಿಗೆ ತೆರೆದುಕೊಂಡಿತ್ತು. ಮೊದಲ ಭಾಗದಲ್ಲಿ ಹೊರಗೆ ಗಾಳಿ ಬೀಸುವುದು ಕೇಳಿಸಿತು, ಎರಡನೆಯದರಲ್ಲಿ ಸೂರಿನ ಮೇಲೆ ಮಳೆಹನಿ, ಮೂರನೆಯದರಲ್ಲಿ ಜನ ಗುಸುಗುಸು ಅಂದರು, ಎದ್ದು ಹೊರಟರು ಅಂತ ಕೇಜ್ ಆಮೇಲೆ ಹೇಳುತ್ತಿದ್ದರು.

ಇದರ ಹಿಂದೆ ಇನ್ನೊಂದು ಘಟನೆ ಇದೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸದ್ದೇ ಹುಟ್ಟದಂಥ, ಗೋಡೆಗಳು ಎಲ್ಲ ಸದ್ದನ್ನೂ ನುಂಗಿಬಿಡುವಂಥ ಒಂದು ಕೋಣೆ ಇತ್ತು. ಕೇಜ್ ಅದರೊಳಗೆ ಹೋಗಿ ಕೂತರು. ಪೂರ್ತಿ ನಿಶ್ಶಬ್ದ ಕೇಳಬೇಕು ಅಂತ ಆಸೆ. ಆದರೆ ಎರಡು ಸದ್ದು ಕೇಳಿಸಿತು, ಒಂದು ತೆಳು ದನಿ, ಇನ್ನೊಂದು ದಪ್ಪ ದನಿ. ಹೊರಗೆ ಬಂದು ಇಂಜಿನಿಯರನ್ನು ಕೇಳಿದರು. ತೆಳುವಾದದ್ದು ನಿಮ್ಮ ನರಮಂಡಲ, ದಪ್ಪದ್ದು ನಿಮ್ಮ ರಕ್ತ ಹರಿಯುವ ಸದ್ದು ಅಂತ ಅವರು ಹೇಳಿದರಂತೆ. ಅಂದರೆ ಬದುಕಿರುವಷ್ಟು ದಿನ ಮೌನ ಅನ್ನುವುದು ಇಲ್ಲವೇ ಇಲ್ಲ. ನಾವು ಗಮನ ಕೊಡದ ಸದ್ದಿಗೆ ಮೌನ ಅಂತ ಹೆಸರಿಟ್ಟಿದ್ದೇವೆ, ಅಷ್ಟೇ.

ನರಮಂಡಲದ ಸದ್ದು ಕಿವಿಗೆ ಕೇಳಿಸುತ್ತದೆ ಅನ್ನುವುದನ್ನು ತಿಳಿದವರು ಒಪ್ಪುವುದಿಲ್ಲ. ಕಿವಿಯೊಳಗೇ ಹುಟ್ಟುವ ಸಣ್ಣ ಶಿಳ್ಳೆ ಇದ್ದಿರಬಹುದು ಅನ್ನುತ್ತಾರೆ. ಆದರೂ ಕೇಜ್ ಈ ಕಥೆಯನ್ನು ಹತ್ತಾರು ಸಂದರ್ಶನಗಳಲ್ಲಿ ಹೀಗೇ ಹೇಳಿದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯ ಗಂಟು ಆಕಸ್ಮಿಕ. ಕೇಜ್ ನಾಣ್ಯ ಚಿಮ್ಮಿ ಸಂಗೀತ ಬರೆಯುತ್ತಿದ್ದರು ಅಂತ ಕೇಳಿದ ಕೂಡಲೇ, ಓ, ಏನಾದರೂ ಆಗಲಿ ಅಂತ ಬಿಟ್ಟವರು ಅಂದುಕೊಳ್ಳುತ್ತೇವೆ. ನಿಜ ಇದರ ತೀರ ಉಲ್ಟಾ. 1951ರ ಹೊತ್ತಿಗೆ ಅವರ ಕೈಗೆ ಚೀನಾದ ಹಳೆಯ ಶಕುನ ಗ್ರಂಥ ಐ ಚಿಂಗ್ ಸಿಕ್ಕಿತು. ಅದರಲ್ಲಿ 64 ಚಿಹ್ನೆಗಳಿವೆ. ಒಂದು ಚಿಹ್ನೆ ಸಿಗಬೇಕಾದರೆ ಮೂರು ನಾಣ್ಯಗಳನ್ನು ಆರು ಸಲ ಚಿಮ್ಮಬೇಕು. ಕೇಜ್ ಏನು ಮಾಡಿದರು ಅಂದರೆ, ಮೊದಲು ದೊಡ್ಡ ದೊಡ್ಡ ಕೋಷ್ಟಕ ಬರೆದುಕೊಂಡರು. ಸ್ವರಗಳಿಗೆ ಒಂದು, ಕಾಲಾವಧಿಗೆ ಒಂದು, ಜೋರು ಮೆಲ್ಲಗಿನ ಪ್ರಮಾಣಕ್ಕೆ ಇನ್ನೊಂದು. ಪ್ರತಿಯೊಂದರಲ್ಲೂ 64 ಮನೆ. ಆಮೇಲೆ ಒಂದೊಂದು ಸ್ವರಕ್ಕೂ ನಾಣ್ಯ ಚಿಮ್ಮಿ, ಯಾವ ಮನೆ ಬಂತೋ ಅದನ್ನೇ ಬರೆದರು. ಒಂದು ಪಿಯಾನೋ ಕೃತಿಗೆ ಹೀಗೆ ತಿಂಗಳುಗಟ್ಟಲೆ ಕೂತರು. ಬಸ್ಸಿನಲ್ಲಿ, ಸಬ್‌ವೇಯಲ್ಲಿ ಕೂಡ ನಾಣ್ಯ ಚಿಮ್ಮುತ್ತಿದ್ದರಂತೆ. ಮುಂದೆ 1960ರ ದಶಕದ ಕೊನೆಯಲ್ಲಿ ಈ ಕೆಲಸಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಬಂತು.

ಇಲ್ಲೊಂದು ಸೂಕ್ಷ್ಮ ಇದೆ. ಉತ್ತರ ನಾಣ್ಯದ್ದು, ಆದರೆ ಪ್ರಶ್ನೆ ಯಾರದು? ಎಷ್ಟು ಸ್ವರ? ಯಾವ ಯಾವ ಸ್ವರಗಳು ಪಟ್ಟಿಯಲ್ಲಿ ಇರಬೇಕು? ಒಂದೇ ಸಲಕ್ಕೆ ಎಷ್ಟು ಸದ್ದು ಬರಬಹುದು? ಇದನ್ನೆಲ್ಲ ಕೇಜ್ ತಾವೇ ಯೋಚಿಸಿ ನಿಗದಿ ಮಾಡಬೇಕಿತ್ತು. ಪ್ರಶ್ನೆ ಪೊಳ್ಳಾದರೆ ಉತ್ತರವೂ ಪೊಳ್ಳು. ನನ್ನ ಕೆಲಸ ಆಯ್ಕೆ ಮಾಡುವುದಲ್ಲ, ಪ್ರಶ್ನೆ ಕೇಳುವುದು ಅಂತ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನನ್ನ ಮಟ್ಟಿಗೆ ಇದು ಅವರ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ. ತನಗೆ ಇಷ್ಟವಾದದ್ದು, ತನ್ನ ಅಭ್ಯಾಸ, ತನ್ನ ಕೈಗೆ ಸುಲಭವಾಗಿ ಬರುವುದು, ಇವು ಮೂರನ್ನೂ ದಾಟಿ ಹೋಗುವುದಕ್ಕೆ ಅವರು ಹುಡುಕಿಕೊಂಡ ಉಪಾಯ ಅದು.

ಮೂರನೆಯದು ಅನಿಶ್ಚಿತತೆ. ಇದು ಬೇರೆಯೇ. ಆಕಸ್ಮಿಕದಲ್ಲಿ ನಾಣ್ಯ ಚಿಮ್ಮುವುದು ಬರೆಯುವ ಹೊತ್ತಿಗೆ. ಬರೆದು ಮುಗಿದ ಮೇಲೆ ಎಲ್ಲ ಖಚಿತ, ವಾದಕ ಅದನ್ನು ಇದ್ದ ಹಾಗೇ ನುಡಿಸಬೇಕು. ಅನಿಶ್ಚಿತತೆಯಲ್ಲಿ ನುಡಿಸುವ ಹೊತ್ತಿಗೂ ಖಚಿತವಿಲ್ಲ. 1961ರ ಒಂದು ಕೃತಿಯ ಸ್ವರಲಿಪಿ ಅಂದರೆ 11 ಪಾರದರ್ಶಕ ಹಾಳೆಗಳು ಅಷ್ಟೇ. ಆರರಲ್ಲಿ ಒಂದೊಂದು ಗೆರೆ, ಐದರಲ್ಲಿ ಒಂದೊಂದು ಚುಕ್ಕೆ. ಹಾಳೆಗಳನ್ನು ಒಂದರ ಮೇಲೊಂದು ಹೇಗೆ ಬೇಕೋ ಹಾಗೆ ಹಾಸಬೇಕು. ಆಮೇಲೆ ಚುಕ್ಕೆಯಿಂದ ಒಂದೊಂದು ಗೆರೆಗೆ ಲಂಬವಾಗಿ ಅಳೆಯಬೇಕು. ಒಂದು ಅಳತೆ ಸ್ವರ ಎಷ್ಟು ಏರು ಅಂತ ಹೇಳುತ್ತದೆ, ಇನ್ನೊಂದು ಎಷ್ಟು ಜೋರು ಅಂತ, ಮತ್ತೊಂದು ಎಷ್ಟು ಹೊತ್ತು ಅಂತ. ಎಷ್ಟು ಜನ ಬೇಕಾದರೂ ನುಡಿಸಬಹುದು, ಯಾವ ವಾದ್ಯವಾದರೂ ಸರಿ. ಹಾಳೆ ಸ್ವಲ್ಪ ಜರುಗಿಸಿದರೆ ಇಡೀ ಸಂಗೀತ ಬೇರೆ. ಸುಮ್ನೆ ಮನಸ್ಸಿಗೆ ಬಂದದ್ದನ್ನು ನುಡಿಸಿ ಅಂತ ಇದರ ಅರ್ಥ ಅಲ್ಲ. ಸ್ಕೇಲ್ ಹಿಡಿದು ಅಳೆಯುತ್ತಾ ಕೂರಬೇಕು. ಡೇವಿಡ್ ಟ್ಯೂಡರ್ ಅಂಥವರು ಹಾಗೇ ಕೂರುತ್ತಿದ್ದರು.

ಕೇಜ್ ಮಾಡಿದ್ದೆಲ್ಲ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಕೆಲಸ. ರೇಡಿಯೋ ಪತ್ರಕರ್ತ ಮಾಡುವುದೂ ಅದನ್ನೇ. ಅವನಿಗೂ ಉತ್ತರ ಮುಂಚೆ ಗೊತ್ತಿರಬಾರದು. ಗೊತ್ತಿದ್ದು ಕೇಳಿದರೆ ಅದು ಮಾತುಕತೆ ಆಗುವುದಿಲ್ಲ. ಹಾಗಾಗಿ ಇಂಥವರ ಜೊತೆಗಿನ ಸಂದರ್ಶನ ಕಲೆಯ ಹೊರಗೆ ನಿಂತು ಹೇಳುವ ವಿವರಣೆ ಮಾತ್ರ ಅಲ್ಲ. ಕಲೆ ಹೇಗೆ ನಡೆಯುತ್ತದೋ ಅದೂ ಹಾಗೇ ನಡೆಯುತ್ತದೆ.

ಆದರೆ ಇದಕ್ಕೆ ಜಾಗ ಕೊಡುವ ರೇಡಿಯೋ ಬೇಕಲ್ಲ. ಅಮೆರಿಕದಲ್ಲಿ ಅದನ್ನು ಕೊಟ್ಟದ್ದು ಪೆಸಿಫಿಕಾ ಎಂಬ ಸಂಸ್ಥೆ. ಲೂಯಿಸ್ ಹಿಲ್ ಮತ್ತು ಗೆಳೆಯರು ಕಟ್ಟಿದ ಅದರ ಮೊದಲ ಸ್ಟೇಷನ್ ಕೆಪಿಎಫ್‌ಎ, 1949ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶುರುವಾಯಿತು. ಜಾಹೀರಾತು ಇಲ್ಲ, ಕೇಳುಗರೇ ಚಂದಾ ಕೊಟ್ಟು ನಡೆಸುತ್ತಾರೆ. ನಾನು ಮೊದಲು ಹೇಳಿದ ಡಬ್ಲ್ಯುಬಿಎಐ 1960ರಲ್ಲಿ ಇದೇ ಸಂಸ್ಥೆಗೆ ಸೇರಿತು. ಜಾಹೀರಾತು ಇಲ್ಲದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಮಾತು ನಿಲ್ಲಿಸಬೇಕಾಗಿಲ್ಲ. ಇದು ಚಿಕ್ಕ ವಿಷಯ ಅಲ್ಲ. ಮಾತಿನ ಲಯವೇ ಬದಲಾಗುತ್ತದೆ. ಉತ್ತರ ಕೊಡುವವರು ಯೋಚಿಸಬಹುದು, ತಪ್ಪು ಹೇಳಿ ತಿದ್ದಿಕೊಳ್ಳಬಹುದು.

ಕೆಪಿಎಫ್‌ಎಯಲ್ಲಿ 1969ರಿಂದ 1992ರವರೆಗೆ ಸಂಗೀತ ವಿಭಾಗ ನೋಡಿಕೊಂಡವರು ಚಾರ್ಲ್ಸ್ ಅಮಿರ್ಖಾನಿಯನ್. ಸ್ವತಃ ಸಂಗೀತಗಾರರು. ಮಾತಿನ ಪದಗಳನ್ನೇ ತಾಳಕ್ಕೆ ಕಟ್ಟಿ ಕೃತಿ ಮಾಡುತ್ತಿದ್ದವರು. ಕೇಜ್ ಅಷ್ಟೇ ಅಲ್ಲ, ಹೊಸ ಸಂಗೀತದ ಎಷ್ಟೋ ಜನರನ್ನು ಅವರು ವರ್ಷಾನುಗಟ್ಟಲೆ ಮಾತಾಡಿಸಿದರು. ಮೆಕ್ಸಿಕೋ ನಗರದಲ್ಲಿ ತನ್ನಪಾಡಿಗೆ ಇದ್ದು, ಯಂತ್ರದಿಂದ ನುಡಿಯುವ ಪಿಯಾನೋಗಳಿಗೆ ಕಾಗದದ ಸುರುಳಿಯಲ್ಲಿ ತೂತು ಕೊರೆಯುತ್ತಿದ್ದ ಕಾನ್ಲನ್ ನ್ಯಾನ್‌ಕ್ಯಾರೋ ಅವರ ಮನೆಗೇ ಹೋಗಿ ಮಾತಾಡಿಸಿ, ಆ ಪಿಯಾನೋಗಳನ್ನು ರೆಕಾರ್ಡ್ ಮಾಡಿಕೊಂಡು ಬಂದರು. ಆ ಹೊತ್ತಿಗೆ ನ್ಯಾನ್‌ಕ್ಯಾರೋ ಹೆಸರು ಗೊತ್ತಿದ್ದವರು ತುಂಬ ಕಡಿಮೆ. ಒಬ್ಬ ರೇಡಿಯೋ ಮನುಷ್ಯನ ಕುತೂಹಲಕ್ಕೆ ಇಷ್ಟು ಶಕ್ತಿ ಇದೆ.

ಜರ್ಮನಿಯಲ್ಲಿ ಇದೇ ಕೆಲಸ ಇನ್ನೊಂದು ರೀತಿಯಲ್ಲಿ ನಡೆಯಿತು. ಕಲೋನ್ ನಗರದ ಡಬ್ಲ್ಯುಡಿಆರ್ ರೇಡಿಯೋದ ಕ್ಲೌಸ್ ಶೋನಿಂಗ್ ಕೇಜ್ ಅವರನ್ನು ಬರೀ ಮಾತಾಡಿಸಲಿಲ್ಲ, ಅವರಿಂದ ಕೃತಿಯನ್ನೇ ಬರೆಸಿದರು. ಜೇಮ್ಸ್ ಜಾಯ್ಸ್ ಅವರ ಕೊನೆಯ ಕಾದಂಬರಿಯಲ್ಲಿ ಹೆಸರು ಬರುವ ಊರುಗಳ ಸದ್ದುಗಳು, ಅದರ ಪುಟಗಳಲ್ಲಿ ಬರುವ ನಗು, ಅಳು, ಗುಡುಗು, ಹಕ್ಕಿ, ಜೊತೆಗೆ ಐರಿಶ್ ಹಾಡುಗಾರರು. ಎಲ್ಲವನ್ನೂ ಸೇರಿಸಿ 1979ರಲ್ಲಿ ಒಂದು ಗಂಟೆಯ ರೇಡಿಯೋ ಕೃತಿ ತಯಾರಾಯಿತು. ಅದನ್ನು ಹೇಗೆ ಮಾಡಿದಿರಿ ಅಂತ ಶೋನಿಂಗ್ ಕೇಜ್ ಅವರನ್ನು ಕೇಳುತ್ತಾ ಹೋದ ಮಾತುಕತೆಯೂ ಉಳಿದಿದೆ. ಕೇಜ್‌ಗೆ 75 ತುಂಬಿದ ವರ್ಷ, 1987ರಲ್ಲಿ, ಡಬ್ಲ್ಯುಡಿಆರ್ 24 ಗಂಟೆ ಸತತವಾಗಿ ಅವರ ಕಾರ್ಯಕ್ರಮವನ್ನೇ ಹಾಕಿತು.

ಇಲ್ಲಿ ಸಂದರ್ಶಕರ ಮುಂದಿರುವ ಕಷ್ಟವನ್ನೂ ಹೇಳಬೇಕು. ಕೇಜ್ ಹತ್ತಿರ ಹೇಳಿ ಹೇಳಿ ನುಣುಪಾದ ಕಥೆಗಳು ಬೇಕಾದಷ್ಟಿದ್ದವು. ಹಾರ್ವರ್ಡ್ ಕೋಣೆಯ ಕಥೆ ಒಂದು. ಇನ್ನೊಂದು ಗೀತಾ ಸಾರಾಭಾಯಿ ಅವರದು. ಅಹಮದಾಬಾದಿನ ಗೀತಾ 1946ರಲ್ಲಿ ನ್ಯೂಯಾರ್ಕಿಗೆ ಬಂದಿದ್ದರು. ಪಾಶ್ಚಾತ್ಯ ಸಂಗೀತ ಕಲಿಯಬೇಕಿತ್ತು. ಗೀತಾಗೆ ಕೇಜ್ ಅದನ್ನು ಹೇಳಿಕೊಟ್ಟರು, ದುಡ್ಡಿನ ಬದಲು ಭಾರತೀಯ ಸಂಗೀತದ ಬಗ್ಗೆ ಹೇಳಿಸಿಕೊಂಡರು. ಸಂಗೀತ ಯಾತಕ್ಕೆ ಅಂತ ನಿಮ್ಮ ಗುರುಗಳು ಹೇಳುತ್ತಿದ್ದರು ಅಂತ ಕೇಜ್ ಕೇಳಿದರು. ಮನಸ್ಸನ್ನು ತಿಳಿಗೊಳಿಸಿ ಶಾಂತ ಮಾಡುವುದಕ್ಕೆ, ಆಗ ಅದು ದೈವಕ್ಕೆ ತೆರೆದುಕೊಳ್ಳುತ್ತದೆ ಅಂತ ಗೀತಾ ಹೇಳಿದರು. ಆ ವರ್ಷಗಳಲ್ಲೇ ಕೇಜ್ ತಂತಿಗಳ ಮಧ್ಯೆ ಸ್ಕ್ರೂ, ಬೋಲ್ಟು, ರಬ್ಬರ್ ತುಂಡು ಸಿಕ್ಕಿಸಿದ ಪಿಯಾನೋಗೆ ನವರಸಗಳನ್ನು ಮನಸ್ಸಿನಲ್ಲಿಟ್ಟು ಒಂದು ದೊಡ್ಡ ಕೃತಿ ಬರೆದರು. ಎಲ್ಲ ರಸಗಳೂ ಶಾಂತದ ಕಡೆಗೆ ಹರಿಯುತ್ತವೆ ಅನ್ನುವುದು ಅವರಿಗೆ ಹಿಡಿಸಿತ್ತು. ಗೀತಾ ಹೇಳಿದ ಆ ಮಾತನ್ನು ಅವರು ಜೀವನದ ಕೊನೆವರೆಗೂ ಉಲ್ಲೇಖಿಸುತ್ತಿದ್ದರು.

ಮೂರನೆಯ ಕಥೆ ಗುರು ಆರ್ನಾಲ್ಡ್ ಶೋನ್‌ಬರ್ಗ್ ಅವರದು. ನಿನಗೆ ಹಾರ್ಮನಿಯ (ಸ್ವರಗಳನ್ನು ಒಟ್ಟಿಗೆ ಸೇರಿಸಿ ನುಡಿಸುವ ಕ್ರಮದ) ಅರಿವಿಲ್ಲ, ಮುಂದೆ ಒಂದು ಗೋಡೆ ಎದುರಾಗುತ್ತದೆ, ಅದನ್ನು ದಾಟಲಾರೆ ಅಂತ ಶೋನ್‌ಬರ್ಗ್ ಹೇಳಿದರು. ಹಾಗಾದರೆ ಜೀವಮಾನ ಪೂರ್ತಿ ಆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತೇನೆ ಅಂತ ಕೇಜ್ ಉತ್ತರ ಕೊಟ್ಟರು.

ಒಂದೇ ಸಲ ಬಂದು ಹೋಗುವ ಪತ್ರಕರ್ತನಿಗೆ ಸಿಗುವುದು ಈ ಕಥೆಗಳು ಮಾತ್ರ. ಚೆನ್ನಾಗಿವೆ, ಆದರೆ ಈಗಾಗಲೇ ಎಲ್ಲರಿಗೂ ಹೇಳಿ ಆಗಿದೆ. ಎರಡನೆಯ ಸಲ, ಐದನೆಯ ಸಲ, ಹತ್ತು ವರ್ಷ ಬಿಟ್ಟು ಮತ್ತೆ ಹೋದವನಿಗೆ ಬೇರೆ ಸಿಗುತ್ತದೆ. ಅವನು ಕಥೆಯನ್ನು ಬಲ್ಲ, ಹಾಗಾಗಿ ಅದರಾಚೆ ಕೇಳಬಲ್ಲ. ಮುಖ್ಯವಾಗಿ, ಉತ್ತರ ಎಲ್ಲಿ ಬದಲಾಯಿತು ಅಂತ ಗುರುತು ಹಿಡಿಯಬಲ್ಲ.

ಎರಡು ಬದಲಾವಣೆ ಹೇಳುತ್ತೇನೆ. ಮನೋಧರ್ಮದಿಂದ ಅಲ್ಲೇ ಹುಟ್ಟಿಸಿ ನುಡಿಸುವುದನ್ನು ಕೇಜ್ ಮೊದಲಿನಿಂದ ಇಷ್ಟಪಡುತ್ತಿರಲಿಲ್ಲ. ಹಾಗೆ ನುಡಿಸುವಾಗ ಬೆರಳು ತನಗೆ ಗೊತ್ತಿರುವ ಜಾಗಕ್ಕೇ ಹೋಗುತ್ತದೆ, ಹೊಸದು ಏನೂ ಹುಟ್ಟುವುದಿಲ್ಲ ಅನ್ನುವುದು ಅವರ ಆಕ್ಷೇಪ. ಆದರೆ 1970ರ ದಶಕದ ಮಧ್ಯದಲ್ಲಿ ಅವರ ಮಾತು ತಿರುಗಿತು. 1975ರಲ್ಲಿ ಕಳ್ಳಿ ಗಿಡಗಳ ಮುಳ್ಳನ್ನು ಮೀಟಿ, ಆ ಸಣ್ಣ ಸದ್ದನ್ನು ದೊಡ್ಡದು ಮಾಡಿ ಕೇಳಿಸುವ ಕೃತಿ ಬರೆದರು. 1977ರಲ್ಲಿ ನೀರು ತುಂಬಿದ ಶಂಖಗಳ ಕೃತಿ. ಶಂಖವನ್ನು ಓಲಾಡಿಸಿದರೆ ಒಳಗಿನ ನೀರು ಗುಳುಗುಳು ಅನ್ನುತ್ತದೆ, ಕೆಲವು ಸಲ ಅನ್ನುವುದೇ ಇಲ್ಲ. ಯಾವಾಗ ಅನ್ನುತ್ತದೆ ಅಂತ ಎಷ್ಟು ಅಭ್ಯಾಸ ಮಾಡಿದರೂ ಕೈಗೆ ಸಿಗುವುದಿಲ್ಲ. ಹಾಗಾದರೆ ಇಲ್ಲಿ ಮನೋಧರ್ಮಕ್ಕೆ ಅಡ್ಡಿಯಿಲ್ಲ, ಯಾಕೆಂದರೆ ಅಭ್ಯಾಸಕ್ಕೆ ಇಲ್ಲಿ ಕೆಲಸವೇ ಇಲ್ಲ. 1960ರ ದಶಕದ ಒಂದು ಸಂದರ್ಶನ ಓದಿ ಕೇಜ್ ಹೀಗೆ ಅಂತ ತೀರ್ಮಾನ ಮಾಡಿದವರಿಗೆ ಈ ತಿರುವು ಗೊತ್ತೇ ಆಗುವುದಿಲ್ಲ.

ಇನ್ನೊಂದು ಬದಲಾವಣೆ ಆ ಗೋಡೆಯದು. 1987ರಿಂದ ಅವರು ಬರೆದ ಕೃತಿಗಳಿಗೆ ಬರೀ ಅಂಕಿಯ ಹೆಸರು. ನಾಲ್ಕು ಜನ ನುಡಿಸುವುದಾದರೆ ನಾಲ್ಕು ಅಂತಲೇ ಹೆಸರು. ಇವುಗಳಲ್ಲಿ ಹೆಚ್ಚಿನವಕ್ಕೆ ಕಾಲದ ಕಂಸಗಳಿವೆ. ಈ ಸ್ವರವನ್ನು ಮೊದಲ ಮುಕ್ಕಾಲು ನಿಮಿಷದೊಳಗೆ ಯಾವಾಗಲಾದರೂ ಶುರು ಮಾಡಿ, ಅರ್ಧ ನಿಮಿಷದಿಂದ ಒಂದೂಕಾಲು ನಿಮಿಷದೊಳಗೆ ಯಾವಾಗಲಾದರೂ ನಿಲ್ಲಿಸಿ, ಹೀಗೆ. ಪ್ರತಿಯೊಬ್ಬರೂ ತಮ್ಮ ಗಡಿಯಾರ ನೋಡಿಕೊಂಡು ಒಂಟಿಯಾಗಿ ನುಡಿಸುತ್ತಾರೆ. ಆದರೂ ಸ್ವರಗಳು ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ಕೇಳಿದರೆ ಮೈ ಜುಮ್ಮೆನ್ನುವ ಕೂಟ. ಹಾರ್ಮನಿ ಅಂದರೆ ಸದ್ದುಗಳು ಒಟ್ಟಿಗೆ ಇರುವುದು, ನಿಯಮ ಬೇಕಾಗಿಲ್ಲ ಅಂತ ಕೇಜ್ ಕೊನೆಯ ವರ್ಷಗಳ ಮಾತುಕತೆಗಳಲ್ಲಿ ಹೇಳತೊಡಗಿದರು. ಇಪ್ಪತ್ತರ ಹರೆಯದಲ್ಲಿ ಗುರು ತೋರಿಸಿದ ಗೋಡೆಯ ಪಕ್ಕ ಎಪ್ಪತ್ತೈದು ದಾಟಿದ ಮೇಲೆ ಒಂದು ಬಾಗಿಲು ಸಿಕ್ಕಿತು. ಐವತ್ತು ವರ್ಷದ ಉತ್ತರಗಳನ್ನು ಜೋಡಿಸಿಕೊಂಡು ಕೇಳಿದಾಗ ಮಾತ್ರ ಇದು ಕಾಣುತ್ತದೆ. ನನಗೆ ಇದಕ್ಕಿಂತ ಮನಸ್ಸು ತಟ್ಟುವ ಭಾಗ ಅವರ ಬದುಕಿನಲ್ಲಿ ಇನ್ನೊಂದಿಲ್ಲ.

ಕೇಜ್ ಚಿತ್ರ ಕಲಾವಿದರೂ ಹೌದು. ಚಿತ್ರವನ್ನು ರೇಡಿಯೋದಲ್ಲಿ ತೋರಿಸುವುದು ಹೇಗೆ? ಅಚ್ಚರಿ ಅಂದರೆ ಅವರ ಚಿತ್ರಗಳು ರೇಡಿಯೋಗೆ ಚೆನ್ನಾಗಿ ಒಗ್ಗುತ್ತವೆ. 1978ರಿಂದ ಅವರು ಕ್ಯಾಲಿಫೋರ್ನಿಯಾದ ಕ್ರೌನ್ ಪಾಯಿಂಟ್ ಪ್ರೆಸ್ ಎಂಬ ಮುದ್ರಣಶಾಲೆಗೆ ಹೋಗಿ ಕೆಲಸ ಮಾಡುತ್ತಿದ್ದರು. 1983ರ ಸುಮಾರಿಗೆ ಶುರುವಾದ ಒಂದು ಸರಣಿಗೆ ಸ್ಫೂರ್ತಿ ಜಪಾನಿನ ಕ್ಯೋಟೋದ ರಿಯೋವಾಂಜಿ ದೇವಾಲಯದ ತೋಟ. ಅಲ್ಲಿ ಬಿಳಿ ಜಲ್ಲಿಯ ಅಂಗಳದಲ್ಲಿ 15 ಕಲ್ಲುಗಳಿವೆ. ಕೇಜ್ ತಾವೂ 15 ಕಲ್ಲು ಆರಿಸಿಕೊಂಡರು. ಎಲ್ಲಿ ಇಡಬೇಕು, ಯಾವ ಪೆನ್ಸಿಲ್ ಹಿಡಿಯಬೇಕು ಅಂತ ಐ ಚಿಂಗ್ ಹೇಳುತ್ತದೆ. ಕಲ್ಲನ್ನು ಆ ಜಾಗದಲ್ಲಿಟ್ಟು ಸುತ್ತ ಗೆರೆ ಎಳೆಯುತ್ತಾರೆ. ಮತ್ತೆ ಇನ್ನೊಂದು ಕಲ್ಲು, ಇನ್ನೊಂದು ಜಾಗ. ಒಂದು ಚಿತ್ರಕ್ಕೆ 15 × 15 × 15, ಅಂದರೆ 3375 ಸಲ ಗೆರೆ ಎಳೆದರು. ಇಷ್ಟು ಹೇಳಿದರೆ ಸಾಕು, ಕಣ್ಣು ಮುಚ್ಚಿದರೂ ಚಿತ್ರ ಕಾಣುತ್ತದೆ: ಒಂದರ ಮೇಲೊಂದು ಬಿದ್ದ ಸಣ್ಣ ಸಣ್ಣ ಉಂಗುರಗಳ ಮಂಜು.

1986ರ ಇನ್ನೊಂದು ಸರಣಿಯಲ್ಲಿ ಅಚ್ಚು ಯಂತ್ರದ ಮೇಲೆ ಹಳೆಯ ಪತ್ರಿಕೆಗೆ ಬೆಂಕಿ ಹಚ್ಚಿ, ಅದರ ಮೇಲೆ ಒದ್ದೆ ಕಾಗದ ಹಾಸಿ ಯಂತ್ರದ ಕೆಳಗೆ ಓಡಿಸಿದರು. ಬೆಂಕಿ ಆರಿತು, ಹೊಗೆಯ ಕಲೆ ಉಳಿಯಿತು. ಆಮೇಲೆ ಕಾದ ಕಬ್ಬಿಣದ ಬಳೆಯಿಂದ ಮುದ್ರೆ ಒತ್ತಿದರು.

ಗಮನಿಸಿ, ಇಲ್ಲಿ ಹೇಳುವುದಕ್ಕೆ ಇರುವುದು ಚಿತ್ರದ ಅಂದವಲ್ಲ, ಮಾಡಿದ ಬಗೆ. ಬಗೆಯನ್ನು ಮಾತಿನಲ್ಲಿ ಹೇಳಬಹುದು. ಆದ್ದರಿಂದ ಇಂಥವರನ್ನು ಮಾತಾಡಿಸುವವರು ಇದರ ಅರ್ಥವೇನು ಅಂತ ಕೇಳುವುದಕ್ಕಿಂತ ಇದನ್ನು ಹೇಗೆ ಮಾಡಿದಿರಿ ಅಂತ ಕೇಳುವುದು ಒಳ್ಳೆಯದು. ಅರ್ಥ ಕೇಳಿದರೆ ಕಲಾವಿದ ತತ್ವ ಹೇಳುತ್ತಾನೆ. ಹೇಗೆ ಅಂತ ಕೇಳಿದರೆ ಕೈ ತೋರಿಸುತ್ತಾನೆ, ಕಲ್ಲು, ಪೆನ್ಸಿಲ್, ನೀರು, ನಾಣ್ಯ ಎಲ್ಲ ಹೊರಗೆ ಬರುತ್ತವೆ. ಅರ್ಥವೂ ಅವುಗಳ ಜೊತೆಗೇ ಬಂದುಬಿಡುತ್ತದೆ.

ಮೌನದ ವಿಷಯಕ್ಕೆ ಮತ್ತೆ ಬರಬೇಕು. ರೇಡಿಯೋಗೆ ಮೌನ ಅಂದರೆ ಭಯ. ಹತ್ತಿಪ್ಪತ್ತು ಸೆಕೆಂಡ್ ಸದ್ದಿಲ್ಲದಿದ್ದರೆ ಯಂತ್ರ ಕೆಟ್ಟಿದೆ ಅಂತಲೇ ಅರ್ಥ. 2004ರ ಜನವರಿಯಲ್ಲಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ಕೇಜ್‌ರ ಮೌನ ಕೃತಿಯನ್ನು ನುಡಿಸಿತು. ರೇಡಿಯೋ 3ರಲ್ಲಿ ನೇರ ಪ್ರಸಾರ. ಪ್ರಸಾರದಲ್ಲಿ ಸದ್ದು ನಿಂತುಹೋದರೆ ತಾನಾಗಿಯೇ ಬೇರೆ ಸಂಗೀತ ಹಾಕುವ ಒಂದು ತುರ್ತು ವ್ಯವಸ್ಥೆ ಅಲ್ಲಿದೆ. ಈ ಕೃತಿಗಾಗಿ ಅದನ್ನು ಆಫ್ ಮಾಡಬೇಕಾಯಿತು. ಇಲ್ಲದಿದ್ದರೆ ಯಂತ್ರವೇ ಮೌನವನ್ನು ತಪ್ಪು ಅಂತ ತಿಳಿದು ತಿದ್ದಿಬಿಡುತ್ತಿತ್ತು. ಸಭಾಂಗಣದಲ್ಲಿ ಜನ ಉಸಿರು ಬಿಗಿ ಹಿಡಿದು ಕೂತಿದ್ದರು. ಒಂದೊಂದು ಭಾಗ ಮುಗಿದಾಗಲೂ ಅಷ್ಟು ಹೊತ್ತು ತಡೆದುಕೊಂಡಿದ್ದ ಕೆಮ್ಮೆಲ್ಲ ಒಟ್ಟಿಗೆ ಹೊರಗೆ ಬಂತು.

ಸಂದರ್ಶನ ಎಡಿಟ್ ಮಾಡುವವರಿಗೂ ಇದೇ ಸವಾಲು. ಸಾಮಾನ್ಯವಾಗಿ ಏನು ಮಾಡುತ್ತಾರೆ? ಮಾತಿನ ನಡುವಿನ ಖಾಲಿ ಜಾಗ ಕತ್ತರಿಸಿ ಬಿಸಾಡುತ್ತಾರೆ. ಉಸಿರು, ತಡವರಿಕೆ, ಕುರ್ಚಿಯ ಕಿರ್ ಸದ್ದು ಎಲ್ಲ ಹೋಗುತ್ತದೆ. ಕೇಜ್‌ರಂಥವರ ಸಂದರ್ಶನಕ್ಕೆ ಹೀಗೆ ಮಾಡಿದರೆ ಉಳಿಯುವುದು ಹೇಳಿಕೆಗಳ ಪಟ್ಟಿ. ಒಂದು ಪ್ರಶ್ನೆ ಕೇಳಿದ ಮೇಲೆ ಅವರು ಎಷ್ಟು ಹೊತ್ತು ಸುಮ್ಮನಿದ್ದರು ಅನ್ನುವುದೂ ಉತ್ತರದ ಭಾಗವೇ. ಇದನ್ನು ಸ್ವತಃ ಕೇಜ್ ಮಾಡಿ ತೋರಿಸಿದ್ದರು. 1959ರಲ್ಲಿ ಬಂದ ಒಂದು ಧ್ವನಿಮುದ್ರಿಕೆಯಲ್ಲಿ ಅವರು 90 ಪುಟ್ಟ ಕಥೆಗಳನ್ನು ಹೇಳುತ್ತಾರೆ. ಪ್ರತಿ ಕಥೆಗೂ ಒಂದೇ ನಿಮಿಷ. ಕಥೆ ಉದ್ದವಾಗಿದ್ದರೆ ಉಸಿರು ಬಿಡದೆ ಓದಬೇಕು. ಎರಡೇ ಸಾಲಿನದಾದರೆ ಒಂದೊಂದು ಪದದ ನಡುವೆ ದೊಡ್ಡ ದೊಡ್ಡ ಬಿಡುವು. ಬೇರೆ ಕೋಣೆಯಲ್ಲಿ, ಇವರ ದನಿ ಕೇಳಿಸದೆ, ಟ್ಯೂಡರ್ ಪಿಯಾನೋ ನುಡಿಸುತ್ತಿದ್ದರು. ಕೇಳುತ್ತಾ ಹೋದ ಹಾಗೆ ಎರಡು ಸಾಲಿನ ಕಥೆಯೇ ಹೆಚ್ಚು ತೂಕದ್ದು ಅನ್ನಿಸತೊಡಗುತ್ತದೆ.

ಕೊನೆಯ ವರ್ಷಗಳಲ್ಲಿ ಕೇಜ್ ನ್ಯೂಯಾರ್ಕಿನ ಸಿಕ್ಸ್ತ್ ಅವೆನ್ಯೂ ಬದಿಯ ಮನೆಯಲ್ಲಿ ಸಂಗಾತಿ, ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಜೊತೆ ಇದ್ದರು. ಕೆಳಗೆ ಹಗಲು ರಾತ್ರಿ ವಾಹನಗಳು. ಮಾತಾಡಿಸುವವರು ಬರುತ್ತಲೇ ಇದ್ದರು. ಕವಿ ಜೋನ್ ರಿಟಾಲಕ್ 1990ರಿಂದ ಅವರ ಜೊತೆ ನಡೆಸಿದ ಸರಣಿ ಮಾತುಕತೆಯ ಕೊನೆಯ ಕಂತು 1992ರ ಜುಲೈ 30ರದು. ಆಗಸ್ಟ್ 12ರಂದು ಕೇಜ್ ತೀರಿಕೊಂಡರು, 80 ತುಂಬುವುದಕ್ಕೆ ಮೂರು ವಾರ ಇತ್ತು.

ಅದಕ್ಕೆ ಒಂದು ವರ್ಷ ಮುಂಚೆ ಅದೇ ಮನೆಯಲ್ಲಿ ಚಿತ್ರೀಕರಿಸಿದ ಒಂದು ಮಾತುಕತೆ ಇದೆ. ಅದರಲ್ಲಿ ಅವರು ಸದ್ದಿನ ಬಗ್ಗೆ ಮಾತಾಡುತ್ತಾರೆ. ಸದ್ದು ನನ್ನ ಜೊತೆ ಮಾತಾಡಬೇಕಾಗಿಲ್ಲ ಅನ್ನುತ್ತಾರೆ. ತಾನೊಂದು ಬಕೆಟ್ ಅಂತಲೋ, ತಾನು ಅಧ್ಯಕ್ಷ ಅಂತಲೋ, ಇನ್ನೊಂದು ಸದ್ದಿನ ಮೇಲೆ ತನಗೆ ಪ್ರೀತಿ ಅಂತಲೋ ಅದು ನಟಿಸಬೇಕಾಗಿಲ್ಲ, ಸದ್ದಾಗಿದ್ದರೆ ಸಾಕು ಅನ್ನುತ್ತಾರೆ. ಹೇಳುತ್ತಾ ನಗುತ್ತಾರೆ. ಹಿಂದೆ ಸಿಕ್ಸ್ತ್ ಅವೆನ್ಯೂದ ವಾಹನಗಳು ಕೇಳಿಸುತ್ತಲೇ ಇರುತ್ತವೆ.